ಓವನ್ನಿನಲ್ಲಿ ಬೆಂದ ಹ್ಯಾಂಡ್‌ಬ್ರೇಕು

ಗಂಡಸರು ಎರಡು ವರ್ಷದಿಂದ ಮಾತಾಡುತ್ತಲೇ ಇರುವ ಕೆಲಸವನ್ನು ಹೆಂಗಸೊಬ್ಬಳು ಒಂದು ಶನಿವಾರದಲ್ಲಿ ಮುಗಿಸಿ, ಸಂಜೆಯ ಚಹಾದ ಹೊತ್ತಿಗೆ ಕೈ ತೊಳೆದು ಕೂರಬಲ್ಲಳು ಎಂದು ಇಡೀ ಯಾರ್ಕ್‌ಶೈರ್ ಸೀಮೆಗೆ ತೋರಿಸಿಯೇ ಬಿಡುತ್ತೇನೆ! ಹೀಗೆಂದು ನಾನು ಶಪಥ ಮಾಡಿದ್ದು ನಮ್ಮ ಬೆಕ್ಕಿನ ಮುಂದೆ. ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೆಲಸವೇನೆಂದರೆ, ನಮ್ಮ ಮೋರಿಸ್ ಮೈನರ್ ಕಾರಿನ ಹ್ಯಾಂಡ್‌ಬ್ರೇಕು. ನನ್ನ ಗಂಡ ಕ್ಲಿಫರ್ಡ್ ಈ ಕಾರನ್ನು ನನ್ನನ್ನು ಮದುವೆಯಾಗುವುದಕ್ಕೂ ಮೊದಲೇ ಮನೆಗೆ ತಂದವನು. ಹಾಗಾಗಿ ನನಗೆ ಅದು ಹಿರಿಯ ಸವತಿ. ವಯಸ್ಸಾದ ಮೇಲೆ ಅದರ ಹ್ಯಾಂಡ್‌ಬ್ರೇಕು ಎಳೆದರೆ ಮೇಲೆ ಬರುತ್ತಿತ್ತು, ಕೈ ಬಿಟ್ಟರೆ ನಾಚಿಕೊಂಡು ಕೆಳಗೆ ಕೂರುತ್ತಿತ್ತು. ಎಲ್ಲಿ ನಿಲ್ಲಿಸಿದರೂ ಗಾಲಿಗೆ ಇಟ್ಟಿಗೆಯೇ ಗತಿ. ಹೋದ ವರ್ಷ ಊರಿನ ಸುಗ್ಗಿ ಹಬ್ಬದ ದಿನ ಕ್ಲಿಫರ್ಡ್ ಇಟ್ಟಿಗೆ ಮರೆತು ಐಸ್‌ಕ್ರೀಮ್ ತರಲು ಹೋದ. ಕಾರು ತಾನಾಗಿ ಹಿಂದಕ್ಕೆ ಜಾರಿ ಚಹಾದ ಡೇರೆಯೊಳಗೆ ನುಗ್ಗಿತು. ಪಾಪ, ಅದಕ್ಕೂ ಬಾಯಾರಿತ್ತೋ ಏನೋ!

ಹಬ್ಬದ ಸಮಿತಿಯ ಅಧ್ಯಕ್ಷೆ ನಮ್ಮ ಪಕ್ಕದ ಮನೆಯ ಹೆಸ್ಟರ್. ಚರ್ಚಿನ ಗೋಪುರದಲ್ಲಿ ಎಲ್ಲಕ್ಕಿಂತ ದೊಡ್ಡ ಗಂಟೆ ಬಾರಿಸುವವಳು. ತೋಳು ನೋಡಿದರೆ ಕಮ್ಮಾರರೂ ದಾರಿ ಬಿಡಬೇಕು. ಈ ವರ್ಷ ಅವಳು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟಳು.

"ನೋಡು ಕ್ಲಿಫರ್ಡ್, ಹಳೇ ಕಾರು ಮೆರವಣಿಗೆ ಮುಂದೆ ಹೋಗೋದು ನಮ್ಮೂರ ಪದ್ಧತಿ, ಸರಿ. ಆದ್ರೆ ಮೊದಲು ಚಾಪೆಲ್ ಏರಿನ ಮೇಲೆ ಇಟ್ಟಿಗೆ ಇಲ್ಲದೆ ನಿಂತು ತೋರಿಸಲಿ. ಬ್ರೇಕ್ ನಾನೇ ಎಳೆದು ನೋಡ್ತೀನಿ. ಜಾರಿದ್ರೆ ಮನೆಗೆ ಕರ್ಕೊಂಡು ಹೋಗು."

ಕ್ಲಿಫರ್ಡ್ ಒಳಗೆ ಬಂದು, ಮುಂದಿಟ್ಟ ಚಹಾ ಆರುವವರೆಗೂ ಅದನ್ನೇ ನೋಡುತ್ತ ಕುಳಿತ.

"ಮೆರವಣಿಗೆಗೇ ಬೇಡದ ಕಾರು ನಂಗ್ಯಾಕೆ? ಮಾರಿಬಿಡ್ತೀನಿ ಕಣೇ ವಿನ್ನಿ."

"ಮಾರೋದು ಯಾಕೋ? ಹ್ಯಾಂಡ್‌ಬ್ರೇಕ್ ಬಿಚ್ಚಿ ಸರಿ ಮಾಡಿದ್ರಾಯ್ತಲ್ಲ?"

"ಅದೆಲ್ಲ ನಿಂಗೆ ಗೊತ್ತಾಗಲ್ಲ. ಮುಂದಿನ ವಾರ ನೋಡೋಣ."

ಗೊತ್ತಾಗಲ್ಲವಂತೆ! ಅವನ ಸ್ನೇಹಿತರು ನಮ್ಮ ಗ್ಯಾರೇಜಿನಲ್ಲಿ ಕೂತು ಹರಟುವಾಗ ಚಹಾ ಕೊಟ್ಟು, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಎಷ್ಟು ವರ್ಷ ಕಳೆದಿದ್ದೇನೋ! ಸೀಟು ತೆಗೆಯಬೇಕು, ಕೇಬಲ್ಲಿನ ನಟ್ಟು ಸಡಿಲಿಸಬೇಕು, ತುಕ್ಕು ಬಿಡಲು ವಿನೆಗರಿನಲ್ಲಿ ನೆನೆಸಬೇಕು, ಬಣ್ಣ ಬಳಿದು ಓವನ್ನಿನಲ್ಲಿ ಹದವಾಗಿ ಒಣಗಿಸಬೇಕು. ಅವರು ಮಾಡಿದ್ದನ್ನು ನಾನು ನೋಡಿದವಳಲ್ಲ, ಏಕೆಂದರೆ ಅವರು ಮಾಡಿದ್ದೇ ಇಲ್ಲ. ಆದರೆ ಮಾಡಬೇಕಾದ್ದೆಲ್ಲ ನನ್ನ ಕಿವಿಯಲ್ಲಿ ಭದ್ರವಾಗಿತ್ತು.

ಶನಿವಾರ ಬೆಳಿಗ್ಗೆ ಕ್ಲಿಫರ್ಡ್ ತನ್ನ ತರಕಾರಿ ತೋಟಕ್ಕೆ ಹೋದದ್ದೇ ತಡ, ನಾನು ಕಾರಿನೊಳಗೆ ತಲೆ ಕೆಳಗೆ, ಕಾಲು ಹೊರಗೆ! ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನು ಬಗ್ಗಿ, "ಅಜ್ಜೀ, ಉಸಿರಾಡ್ತಾ ಇದೀರಾ?" ಎಂದು ಕೇಳಿಯೇ ಮುಂದೆ ಹೋದ. ಬೋಲ್ಟು ಮೊದಲು ಮುನಿಸಿಕೊಂಡಿತು. ಎಣ್ಣೆ ಬಿಟ್ಟು, ಕಾದು, ನಾಲ್ಕು ಒಳ್ಳೆಯ ಮಾತಾಡಿದೆ. ಬಿಟ್ಟುಕೊಟ್ಟಿತು. ಕೊಕ್ಕೆ, ಸ್ಪ್ರಿಂಗು, ಗುಂಡಿ ಎಲ್ಲ ಕಳಚಿ ಚಹಾದ ತಟ್ಟೆಯಲ್ಲಿಟ್ಟೆ. ಹಿಡಿಯನ್ನು ಉಪ್ಪಿನಕಾಯಿಯ ವಿನೆಗರಿನಲ್ಲಿ ನೆನೆಸಿ, ಉಜ್ಜಿ, ಒಲೆಗೆ ಬಳಿದು ಉಳಿದಿದ್ದ ಕಪ್ಪು ಬಣ್ಣ ಹಚ್ಚಿದೆ. ಅದು ಮುಗಿಯುವ ಹೊತ್ತಿಗೆ ಸಂಜೆಯ ಚಹಾ ಬಂದೇಬಿಟ್ಟಿತು. ಹಾಗಾಗಿ ಒಣಗಿಸುವುದು ಮಾತ್ರ ಭಾನುವಾರಕ್ಕೆ ಉಳಿಯಿತು.

ಭಾನುವಾರ ಬೆಳಿಗ್ಗೆ ಹಿಡಿಯನ್ನು ಓವನ್ನಿನ ಕೆಳಗಿನ ತಟ್ಟೆಯಲ್ಲಿಟ್ಟು ಸಣ್ಣ ಕಾವು ಕೊಟ್ಟೆ. ಆಮೇಲೆ ಬೀನ್ಸ್ ಬಿಡಿಸಲು ಹಿತ್ತಲಿಗೆ ಹೋದೆ. ಇಲ್ಲೇ ನಾನು ಕೆಟ್ಟದ್ದು! ಭಾನುವಾರ ಮಾಂಸದ ಜೊತೆ ತಿನ್ನುವ ಪುಡಿಂಗು ನಮ್ಮ ಮನೆಯಲ್ಲಿ ಕ್ಲಿಫರ್ಡನ ಪಾಲಿನ ಕೆಲಸ ಎಂಬುದನ್ನೇ ಮರೆತಿದ್ದೆ. ಹಾಲು, ಮೊಟ್ಟೆ, ಹಿಟ್ಟು ಕಲಸಿ ಕುದಿಯುವ ಕೊಬ್ಬಿಗೆ ಸುರಿದರೆ ಅದು ಬುಸ್ಸೆಂದು ಉಬ್ಬಬೇಕು. ಓವನ್ನು ನರಕದಷ್ಟು ಬಿಸಿ ಇರಬೇಕು. ಉಬ್ಬುವವರೆಗೆ ಪ್ರಳಯವಾದರೂ ಬಾಗಿಲು ತೆಗೆಯಬಾರದು.

ನಾನು ಒಳಗೆ ಬರುವಷ್ಟರಲ್ಲಿ ಕಾವು ತುದಿಗೇರಿತ್ತು. ಊಟಕ್ಕೆ ಕರೆದಿದ್ದ ಹೆಸ್ಟರ್ ಮೇಜಿನ ಮುಂದೆ ಕೂತಿದ್ದಳು. ಕ್ಲಿಫರ್ಡ್ ಓವನ್ನಿಗೆ ಬೆನ್ನು ಕೊಟ್ಟು ಅರಮನೆಯ ಕಾವಲುಗಾರನ ಹಾಗೆ ನಿಂತಿದ್ದ.

"ಕ್ಲಿಫರ್ಡ್, ಒಂದೇ ಒಂದು ಗಳಿಗೆ ಬಾಗಿಲು ತೆಗಿ."

"ಹುಚ್ಚಾ ನಿಂಗೆ? ಪುಡಿಂಗ್ ಕುಸಿಯತ್ತೆ!"

ಹೆಸ್ಟರ್ ಮೂಗು ಅರಳಿಸಿದಳು. "ವಿನ್ನಿ, ಮಾಂಸಕ್ಕೇನು ಟಾರ್ ಸವರಿದೀಯಾ?"

"ಹೊಸ ಮಸಾಲೆ," ಎಂದೆ.

ಹೊಗೆ ಸಣ್ಣ ಎಳೆಯಾಗಿ ಶುರುವಾಗಿ, ಆಮೇಲೆ ಮೋಡವಾಯಿತು. ಬೆಕ್ಕು ಮನೆ ಬಿಟ್ಟಿತು. ಕ್ಲಿಫರ್ಡ್ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ ಅಲುಗದೆ ನಿಂತ. ಕೊನೆಗೆ ಬಾಗಿಲು ತೆರೆದರೆ, ಮೇಲೆ ಕಿರೀಟದಂತೆ ಉಬ್ಬಿದ ಪುಡಿಂಗುಗಳು, ಕೆಳಗೆ ಫಳಫಳ ಹೊಳೆಯುವ ಹ್ಯಾಂಡ್‌ಬ್ರೇಕು! ಒಲೆಯ ಬಣ್ಣಕ್ಕೆ ಬೇಕಾದದ್ದು ಅಂಥ ಕಾವೇ ತಾನೆ? ಉಗುರಿನಿಂದ ಕೆರೆದರೆ ಉಗುರೇ ಸವೆಯಬೇಕು, ಅಷ್ಟು ಗಟ್ಟಿ!

"ಇದನ್ನ ಬಿಚ್ಚಿದ್ದು ಯಾರು?" ಕ್ಲಿಫರ್ಡ್ ಕೇಳಿದ.

"ನಾನೇ."

ಅವನು ಬಟ್ಟೆಯಲ್ಲಿ ಹಿಡಿದು, ಮಗುವನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ. "ಕಾರ್ಖಾನೆಯಿಂದ ಬಂದಾಗ್ಲೂ ಹಿಂಗಿರಲಿಲ್ಲ ಕಣೇ!"

ಹೆಸ್ಟರ್ ಗ್ರೇವಿ ಸುರಿದುಕೊಳ್ಳುತ್ತ ಹೇಳಿದಳು, "ಅಂದ ನಾನು ಕೇಳಿಲ್ಲ. ನಿಲ್ಲತ್ತಾ?"

ಊಟವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಕಾರಿನಲ್ಲಿ ಕೂರಿಸಿದೆವು. ಕೇಬಲ್ಲಿನ ನಟ್ಟನ್ನು ಕ್ಲಿಫರ್ಡ್ ಹದ ನೋಡಿ ಬಿಗಿದ. ಹಬ್ಬದ ದಿನ ಅವನು ಟೈ ಕಟ್ಟಿಕೊಳ್ಳುತ್ತಿದ್ದಾಗ ನಾನು ಸುಮ್ಮನಿರಬಾರದೆ? ಇರಲಿ ಅಂತ ಇನ್ನೊಂದು ಸುತ್ತು ಬಿಗಿದೆ. ಆಮೇಲೆ, ಇರಲಿ ಅಂತ ಮತ್ತೊಂದು.

ಚಾಪೆಲ್ ಏರು. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದೇ ಗಾಡಿಯ ದಾರಿ. ನಮ್ಮ ಹಿಂದೆ ಟ್ರ್ಯಾಕ್ಟರುಗಳು, ಬ್ಯಾಂಡಿನವರ ಲಾರಿ, ಇಡೀ ಊರು. ಹೆಸ್ಟರ್ ಒಳಗೆ ಕೂತು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕು ಎಳೆದಳು. ಕಟ್, ಕಟ್, ಕಟ್... ಕೊನೆಗೆ ಬಂದ ದಪ್ಪ 'ಕಟಕ್' ಆ ಕಾರಿನ ಬಾಯಿಂದ ನಾನು ಎಂದೂ ಕೇಳದ ಶಬ್ದ. ಹೆಸ್ಟರ್ ಬ್ರೇಕಿನಿಂದ ಕೈಯನ್ನೂ ಕಾಲನ್ನೂ ತೆಗೆದಳು. ಕಾರು ಬಂಡೆ! ಜನ ಚಪ್ಪಾಳೆ ತಟ್ಟಿದರು. ಕ್ಲಿಫರ್ಡ್ ಊರೆದುರಿಗೆ ನನ್ನ ಕೆನ್ನೆಗೆ ಮುತ್ತು ಕೊಟ್ಟ.

"ಪಾಸು! ಗಂಟೆ ಕೇಳಿದ ಕೂಡ್ಲೆ ಹೊರಡಿ," ಎಂದು ಹೆಸ್ಟರ್ ಗೋಪುರಕ್ಕೆ ಓಡಿದಳು.

ಗಂಟೆ ಮೊಳಗಿತು. ಕ್ಲಿಫರ್ಡ್ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಬ್ರೇಕು ಬಿಡಬೇಕಾದರೆ ಮೊದಲು ಕೂದಲೆಳೆಯಷ್ಟು ಮೇಲಕ್ಕೆ ಎಳೆಯಬೇಕು, ಆಗಲೇ ಕೊಕ್ಕೆ ಹಲ್ಲು ಬಿಡುವುದು. ಅವನು ಎಳೆದ, ನಾನು ಎಳೆದೆ, ಟ್ರ್ಯಾಕ್ಟರಿನವನು ಎಳೆದ, ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊರುವವನು ಕೆಂಪಗಾಗುವವರೆಗೆ ಎಳೆದ. ಹೆಸ್ಟರಳ ಕೈ ಎಳೆದದ್ದನ್ನು ಹೆಸ್ಟರಳ ಕೈಯೇ ಬಿಡಿಸಬೇಕು. ಅವಳೋ ಗೋಪುರದಲ್ಲಿ! ಹಬ್ಬದ ಗಂಟೆಯ ವರಸೆ ಶುರುವಾದ ಮೇಲೆ ಮುಗಿಯುವವರೆಗೂ ಬಾರಿಸುವವರು ಹಗ್ಗ ಬಿಡುವಂತಿಲ್ಲ. ಮಧ್ಯಾಹ್ನವೆಲ್ಲ ನಡೆಯುವ ವರಸೆ ಅದು!

ಜನ ಎಷ್ಟು ಹೊತ್ತು ಕಾಯುತ್ತಾರೆ? ಚಹಾದ ಮೇಜುಗಳು ಏರಿಗೇ ಬಂದವು. ಕೇಕು ಬಂತು, ಬ್ಯಾಂಡಿನವರು ಲಾರಿಯಿಂದಲೇ ಊದಿದರು, ಮಕ್ಕಳು ಕಾರಿನ ಸುತ್ತ ಕುಣಿದರು. ಅಂಥ ಹಬ್ಬ ನಮ್ಮೂರು ಕಂಡಿರಲಿಲ್ಲ. ಯಾರೋ ಪಕ್ಕದೂರಿನವರು ಕಾರಿನ ಬೆಲೆ ವಿಚಾರಿಸಿದರು.

ಕ್ಲಿಫರ್ಡ್ ಎದೆಯುಬ್ಬಿಸಿ, "ಮಾರೋ ಮಾತೇ ಇಲ್ಲ," ಎಂದ. "ನನ್ನ ಹೆಂಡ್ತಿ ರಿಪೇರಿ ಮಾಡಿದ ಕಾರು ಇದು. ಕದಿಯೋಕೂ ಆಗಲ್ಲ ನಿಮಗೆ!"

ಗಂಟೆ ನಿಂತ ಮೇಲೆ ಹೆಸ್ಟರ್ ಇಳಿದು ಬಂದು, ಒಂದೇ ಕೈಯಲ್ಲಿ 'ಟಕ್' ಎನಿಸಿದಳು. ಬ್ರೇಕು ಬಿಟ್ಟಿತು. ಅಷ್ಟು ಹೊತ್ತಿಗೆ ಮೆರವಣಿಗೆಯ ಹೊತ್ತು ಮೀರಿ, ಬಹುಮಾನ ಹಂಚುವ ಹೊತ್ತಾಗಿತ್ತು. ನಾನು ಕೂದಲು ಸರಿಮಾಡಿಕೊಂಡು ಮುಂದಿನ ಸಾಲಿನಲ್ಲೇ ನಿಂತೆ.

ಹೆಸ್ಟರ್ ಮೈಕಿನಲ್ಲಿ ಗಂಟಲು ಸರಿಪಡಿಸಿಕೊಂಡಳು. "ಮೆರವಣಿಗೆಯ ಬಹುಮಾನ ಈ ವರ್ಷ ಯಾರಿಗೂ ಇಲ್ಲ. ಯಾಕೇಂತ ಎಲ್ಲರಿಗೂ ಗೊತ್ತು. ಇನ್ನು, ಇಟ್ಟಲ್ಲಿಂದ ಅಲುಗದ ವಸ್ತುಗಳ ವಿಭಾಗ. ಮೊದಲ ಬಹುಮಾನ, ಶ್ರೀಮತಿ ವಿನಿಫ್ರೆಡ್ ಮೆಟ್ಕಾಫ್, ಮೋರಿಸ್ ಮೈನರ್!"

ಚಪ್ಪಾಳೆಯ ನಡುವೆ ನಾನು ವೇದಿಕೆ ಹತ್ತಿ, ತಲೆಯೆತ್ತಿ ನಿಂತೆ.

"ಎರಡನೇ ಬಹುಮಾನ, ನಮ್ಮ ಪಾದ್ರಿಗಳ ಕುಂಬಳಕಾಯಿ."