ಮುದ್ದೆಯೊಳಗಿನ ಸ್ಟೇಷನ್

ನಮ್ಮ ಚಿಕ್ಕಪ್ಪನಷ್ಟು ಪುಕ್ಕಲು ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಭೂಮಿಯ ಮೇಲೆ ಅಂದೆ, ಗಮನಿಸಿ! ಏಕೆಂದರೆ ಅವರ ಉದ್ಯೋಗವೆಲ್ಲ ಭೂಮಿಯ ಕೆಳಗೆ. ಐವತ್ತರ ದಶಕದ ಕೊನೆಯಲ್ಲಿ ಕೆ.ಜಿ.ಎಫ್.ನ ಒಂದು ಗಣಿಯಲ್ಲಿ ಮೇಸ್ತ್ರಿಯಾಗಿದ್ದರು. ಆಳುಗಳನ್ನು ಇಳಿಸುವ ಕೇಜು ನಿಲ್ಲಲು ಪಾತಾಳದ ಬಂಡೆಯಲ್ಲಿ ಅಂಗಳದಷ್ಟು ಜಾಗ ಕೊರೆಯುತ್ತಾರೆ; ಅದಕ್ಕೆ ಸ್ಟೇಷನ್ ಅಂತಲೇ ಹೆಸರು. ಅದರ ಸೂರು ಬೀಳದಂತೆ ಮರದ ಕಂಬ ನಿಲ್ಲಿಸುವುದು ಚಿಕ್ಕಪ್ಪನ ಕೆಲಸ.

ಅಲ್ಲಿ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಗಟ್ಟಿಯೋ ಟೊಳ್ಳೋ ಎಂದು ಸದ್ದಿನಿಂದಲೇ ತಿಳಿಯಬೇಕಂತೆ. ಸರಿ, ಕೆಳಗೆ ತಟ್ಟಲಿ. ಮೇಲೆ ಬಂದ ಮೇಲೂ ತಟ್ಟಬೇಕೆ? ಬಾಗಿಲ ತೊಲೆಗೆ ಕೊಡೆಯಿಂದ ಮೂರು ಸಲ ತಟ್ಟದೆ ಯಾವ ಮನೆಗೂ ಕಾಲಿಡುತ್ತಿರಲಿಲ್ಲ! ನನ್ನ ಅಣ್ಣನಿಗೆ ಹೆಣ್ಣು ನೋಡಲು ಬಂಗಾರಪೇಟೆಗೆ ಹೋದಾಗಲೂ ತಟ್ಟಿದರು, ಕಿವಿಗೊಟ್ಟರು.

"ತೊಲೆ ಟೊಳ್ಳೈತೆ. ನಾ ಒಳಕ್ಕೆ ಬರಲ್ಲ. ಉಪ್ಪಿಟ್ಟು ಈಚೆಗೇ ಕೊಡಿ."

ಹುಡುಗಿಯ ತಂದೆ ಕೆಂಡಾಮಂಡಲವಾದರು. ಸಂಬಂಧ ಮುರಿಯಿತು. ಆ ಹಾಳು ತೊಲೆ ಮಾತ್ರ ಇವತ್ತಿಗೂ ಮುರಿದಿಲ್ಲ!

ನಾನು ಹೈಸ್ಕೂಲಿಗೆಂದು ಗಣಿಯಾಳುಗಳ ಸಾಲುಮನೆಗಳ ಲೈನಿನಲ್ಲಿ, ಅವರ ಮನೆಯಲ್ಲಿದ್ದ ವರ್ಷ ಹೊಸ ಸ್ಟೇಷನ್ ಕೊರೆಯುತ್ತಿದ್ದರು. ನಕ್ಷೆ ಬರೆದ ಎಂಜಿನಿಯರ್ ಸಾಹೇಬರಿಗೆ ಜಾಗ ಅಗಲವಾಗಿರಬೇಕು. ಚಿಕ್ಕಪ್ಪನಿಗೆ ನಡುವೆ ಇನ್ನೊಂದು ಸಾಲು ಕಂಬ ಬೇಕು. ಒಂದು ದಿನ ಊಟಕ್ಕೆ ಕೂತವರು ರಾಗಿಮುದ್ದೆಯನ್ನು ಬೆರಳಲ್ಲಿ ಕೊರೆದು ಸ್ಟೇಷನ್ ಮಾಡಿದರು. ನುಗ್ಗೆಕಾಯಿ ತುಂಡುಗಳನ್ನು ಕಂಬವಾಗಿ ನಿಲ್ಲಿಸಿ, ಮೇಲೆ ಬಿಸಿ ಸಾರು ಸುರಿದರು. ಸೂರು ಮೆಲ್ಲಗೆ ಕುಸಿದು ಕೂತಿತು.

"ನೋಡಿದ್ಯೇನಮ್ಮಿ? ಕಂಬ ಸಾಲ್ದು!"

"ಮುದ್ದೆ ಇರೋದು ನುಂಗಕ್ಕಾ, ಕಟ್ಟಡ ಕಟ್ಟಕ್ಕಾ?" ಚಿಕ್ಕಮ್ಮ ಸಿಡುಕಿದರು.

ನಗಬೇಕೆಂದುಕೊಂಡೆ. ಆದರೆ ಚಿಕ್ಕಪ್ಪ ಕುಸಿದ ಮುದ್ದೆಯನ್ನು ಮುಟ್ಟದೆ ತಟ್ಟೆ ಸರಿಸಿದರು.

"ಒಂದು ಮೂಲೆ ಟೊಳ್ಳು ಸದ್ದು ಕೊಡ್ತೈತೆ. ನನ್ನ ನಂಬ್ಕೊಂಡು ಎಂಟು ಆಳು ಅವ್ರೆ."

ಅಂದಿನಿಂದ ನನಗೂ ಭಯ ಅಂಟಿಕೊಂಡಿತು. ಅವರು ಕೆಲಸಕ್ಕೆ ಹೊರಟರೆ ಅನ್ನ ಸೇರುತ್ತಿರಲಿಲ್ಲ.

ಮರುದಿನ ಚಿಕ್ಕಪ್ಪ ಬುತ್ತಿಯ ಮುದ್ದೆಯನ್ನು ಸಾಹೇಬರ ಮೇಜಿನ ಮೇಲೇ ಕೊರೆದು, ಸಾರು ಸುರಿದು, ಕುಸಿಸಿ ತೋರಿಸಿದರಂತೆ! ನಕ್ಷೆಯ ತುಂಬ ಸಾರು. ಸಾಹೇಬರು ಬಾಯಿಗೆ ಬಂದಂತೆ ಬೈದರು. ಆಮೇಲೆ ಕಂಬ ಸೇರಿಸಿಯೇ ಬರೆದರು. ಹೇಗೂ ನಕ್ಷೆಯನ್ನು ಹೊಸದಾಗಿ ಬರೆಯಲೇಬೇಕಿತ್ತಲ್ಲ!

ಕಂಬ ನಿಲ್ಲಿಸಿ ಹದಿನೈದು ದಿನವಾಗಿರಬೇಕು. ಬೆಳಿಗ್ಗೆ ಚಿಕ್ಕಪ್ಪ ಕೆಲಸಕ್ಕೆ ಹೋದ ಮೇಲೆ ಕಾಲಡಿಯ ನೆಲ ಧಡ್ ಎಂದು ಅದುರಿ ಪಾತ್ರೆಗಳೆಲ್ಲ ಉರುಳಿದವು. ಕೆಳಗೆ ಬಂಡೆ ಸಿಡಿದರೆ ಹಾಗಾಗುವುದು ಲೈನಿನವರಿಗೆಲ್ಲ ಗೊತ್ತು. ಗಣಿಯ ಬಾಯಿಗೆ ಓಡಿಹೋಗಿದ್ದ ಪಕ್ಕದ ಮನೆಯವರು ಬಂದು, "ವೊಸ ಸ್ಟೇಷನ್ ಕಡೇನಂತೆ" ಅಂದರು. ನನ್ನ ಕಣ್ಣೆದುರಿಗೆ ಬಂದದ್ದು ಕುಸಿದ ಆ ಮುದ್ದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತರು. ಸಂಜೆಯವರೆಗೂ ನೀರೂ ಕುಡಿಯಲಿಲ್ಲ.

ಸಂಜೆ ಚಿಕ್ಕಪ್ಪ ಬಂದರು. ಮೈಯೆಲ್ಲ ಬೂದು ಧೂಳು.

"ಕಂಬ ತಡೀತು. ಎಂಟೂ ಜನ ಮೇಲಕ್ಕೆ ಬಂದ್ರು."

ಅಷ್ಟು ಹೇಳಿ, ಸುಸ್ತಾಗಿ, ಸೂರಿನ ಕಡೆ ನೋಡದೆ ಹೊಸಿಲಿಗೆ ಕಾಲಿಡಹೊರಟರು.

"ನಿಲ್ಲಿ!" ಅಂದರು ಚಿಕ್ಕಮ್ಮ.

ಮದುವೆಯಾದ ದಿನದಿಂದ ಆ ತಟ್ಟುವ ಚಟಕ್ಕೆ ಬೈಯುತ್ತಲೇ ಬಂದವರು, ಮೂಲೆಯಲ್ಲಿದ್ದ ಕೊಡೆ ತಂದು, ತುದಿಗಾಲಲ್ಲಿ ನಿಂತು, ಬಾಗಿಲ ತೊಲೆಗೆ ತಾವೇ ಮೂರು ಸಲ ತಟ್ಟಿದರು. ಕಿವಿಗೊಟ್ಟು ಕೇಳಿದರು.

"ಗಟ್ಟಿಯಾಗೈತೆ. ಒಳಕ್ಕೆ ಬನ್ನಿ."