ಕಾಕಾನ ನಾಲಗೆ ಮತ್ತು ಹೊಗೆ ಮೂಸುವ ಮಷೀನು

ನಮ್ಮ ಮನೆತನದಲ್ಲಿ ಒಬ್ಬರಿಗೆ ರೋಗ ಬಂದರೆ ಉಳಿದವರಿಗೆಲ್ಲ ಗೊಂದಲ ಬರುತ್ತದೆ. ಓದಿದವನೆಂದು ನನ್ನನ್ನು ಕೇಳುತ್ತಾರೆ. ಗೊಂದಲ ಇನ್ನೂ ಹೆಚ್ಚುತ್ತದೆ.

೧. ತೂಕ

ಬನಹಟ್ಟಿಯಲ್ಲಿ ಮಗ್ಗ ನಡೆಸುವ ನನ್ನ ಕಾಕಾನ ನಾಲಗೆಯ ಅಂಚಿನಲ್ಲಿ ಗಂಟಾಯಿತು. ಕ್ಯಾನ್ಸರ್. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹೊಸ ಮಷೀನೊಂದನ್ನು ಪ್ರಯೋಗಕ್ಕೆ ಇಟ್ಟಿದ್ದರು. ಕಾಯಿಸಿದ ಚಾಕುವಿನಿಂದ ಕೊಯ್ಯುವಾಗ ಏಳುವ ಹೊಗೆ ನಳಿಕೆಯಲ್ಲಿ ಮಷೀನಿಗೆ ಹೋಗುತ್ತದೆ. ಕೊಯ್ದದ್ದು ರೋಗದ ಮಾಂಸವೋ ಒಳ್ಳೆಯದೋ ಎಂದು ಅದು ಅಲ್ಲೇ ಹೇಳುತ್ತದೆ. ಬೇಕಾದಷ್ಟೇ ಕತ್ತರಿಸಬಹುದು.

ಕಾಕಾನಿಗೆ ಬೇಕಾದದ್ದೂ ಅದೇ. ಓಣಿಯ ಜಗಳ, ಮದುವೆಯ ಮಾತುಕತೆ, ನೂಲಿನ ಚೌಕಾಸಿ ಎಲ್ಲ ಅವನ ನಾಲಗೆಯ ಮೇಲೆ ನಡೆಯುತ್ತಿದ್ದವು. "ಜೀವ ಆಮ್ಯಾಲ ನೋಡೋಣು," ಎಂದ. "ಮಾತು ಉಳಿಬೇಕು."

ನಾನು ಜಮಖಂಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಮನೆಮಂದಿಯನ್ನೆಲ್ಲ ಕೂರಿಸಿ ಅಣು, ವಿದ್ಯುದಂಶ, ಹೊಗೆಯ ಕಣಗಳ ತೂಕ ಎಂದು ಅರ್ಧ ತಾಸು ಹೇಳಿದೆ. ಕಾಕಾನ ಹೆಂಡತಿ, ನನ್ನ ಕಾಕು, ಗದ್ದಕ್ಕೆ ಕೈಹಚ್ಚಿ ಕೇಳಿದಳು. ಕೊನೆಗೆ, "ಅಂದ್ರ ಬಾಯಾಗ ಬೆಂಕಿ ಹಚ್ಚತಾರೇನಪಾ?" ಎಂದಳು.

ಯೋಚಿಸಿ ನೋಡಿದೆ. ಇಲ್ಲ ಎನ್ನಲಾಗಲಿಲ್ಲ.

೨. ಮುಧೋಳದ ನಾಯಿ

ಸುದ್ದಿ ತಿಳಿದು ಮುಧೋಳದ ಬೀಗರು ಬಂದರು. ಅವರು ಬೇಟೆನಾಯಿ ಸಾಕಿದವರು. ಮೂಸುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಈ ತಳಿ ಕಣ್ಣಿನಿಂದ ಬೇಟೆಯಾಡುತ್ತದೆ, ಮೂಗಿನಿಂದಲ್ಲ ಎಂದೆ. ಯಾರೂ ಕಿವಿಗೊಡಲಿಲ್ಲ. ನಾಯಿಯನ್ನು ಜೀಪಿನಿಂದ ಇಳಿಸಿದರು.

ಅದು ಕಾಕಾನನ್ನು ಒಮ್ಮೆ ಮೂಸಿ ಮುಖ ತಿರುಗಿಸಿತು. ಪಡಸಾಲೆಯೆಲ್ಲ ಸುತ್ತಿ ಬಂದು ನನ್ನ ಮುಂದೆ ಕುಳಿತಿತು. ಏಳಲೇ ಇಲ್ಲ.

ಬೀಗರು ದನಿ ತಗ್ಗಿಸಿ, "ನೀವೂ ಒಮ್ಮಿ ತೋರಿಸ್ಕೊಂಡ ಬಿಡ್ರಿ, ಸರ್," ಎಂದರು.

ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಕನ್ನಡಿಯ ಮುಂದೆ ನಾಲಗೆ ಚಾಚಿ ನಿಂತದ್ದು ಹತ್ತೇ ನಿಮಿಷ.

೩. ಒಪ್ಪಿಗೆ

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟರು. ಡಾಕ್ಟರು ಬಿಡಿಸಿ ಹೇಳಿದರು. ನಾನು ಅದನ್ನು ಮತ್ತೆ ಬಿಡಿಸಿದೆ. ಕಾಕು ಅಳತೊಡಗಿದಳು.

ಕಾಕಾ ಕೈಯೆತ್ತಿದ. "ಯಾಕ ಅಳತಿ? ನೂಲು ಸುಟ್ಟು ನೋಡಿದಂಗ ಇದು."

ಕಾಕು ಅಳು ನಿಲ್ಲಿಸಿದಳು. ನಮ್ಮ ಕಡೆ ನೂಲಿನ ಮೂಟೆ ಬಂದರೆ ಮೊದಲು ಒಂದು ಎಳೆ ಕಿತ್ತು ಕಡ್ಡಿ ಗೀರುತ್ತಾರೆ. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲಿನ ವಾಸನೆ, ಪಾಲಿಸ್ಟರ್ ಕರಗಿ ಗಂಟಾಗುತ್ತದೆ. ಮೂಸಿದವನೇ ಮಾಲು ಒಪ್ಪಬೇಕು, ಅವನೇ ಸಹಿ ಹಾಕಬೇಕು. ಇನ್ನೊಬ್ಬರ ಮೂಗನ್ನು ಬನಹಟ್ಟಿಯಲ್ಲಿ ಯಾರೂ ನಂಬುವುದಿಲ್ಲ.

ಡಾಕ್ಟರು ಕಾಕಾನ ಈ ಹೋಲಿಕೆಯನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ಕಾಕಾ ನನ್ನ ಕಡೆ ತಿರುಗಿ, "ಇಷ್ಟು ಹೇಳಾಕ ಎಷ್ಟು ವರ್ಷ ಓದಿದಿಲೇ?" ಎಂದ.

೪. ಮೊದಲ ಮಾತು

ಆಪರೇಷನ್ ಆಯಿತು. ಅಂಚಿನ ಸಣ್ಣ ತುಂಡು ಮಾತ್ರ ತೆಗೆದಿದ್ದೇವೆ, ಅದರಾಚೆಯ ಹೊಗೆ ಚೊಕ್ಕ ಇತ್ತು ಎಂದರು ಡಾಕ್ಟರು. ಆದರೆ ಮಾತು ಹೇಗೆ ಬರುತ್ತದೋ ನೋಡಬೇಕು. ಅಲ್ಲಿಯವರೆಗೆ ಬಾಯಿ ಬಿಡುವಂತಿಲ್ಲ. ಕಾಕಾ ಪಾಟಿಯ ಮೇಲೆ ಬರೆದು ಜಗಳಾಡಿದ. ಕಾಕುವಿಗೆ ಓದಲು ಬಾರದು. ಪ್ರತಿ ಬೈಗುಳವನ್ನೂ ನಾನೇ ಓದಿ ಹೇಳಬೇಕಾಯಿತು.

ಆರನೆಯ ದಿನ ಡಾಕ್ಟರು ಬಂದು, ಈಗ ನಿಧಾನವಾಗಿ ನಿಮ್ಮ ಹೆಸರು ಹೇಳಿ ಎಂದರು. ಕಾಕು ನನ್ನ ಮೊಣಕೈ ಹಿಡಿದುಕೊಂಡಳು. ಕಾಕಾ ಹೆಸರು ಹೇಳಲಿಲ್ಲ. ಉಗುಳು ನುಂಗಿದ. ಮಂಚದ ತುದಿಗೆ ತೂಗುಹಾಕಿದ್ದ ಆಪರೇಷನ್ ವರದಿಯ ಕಾಗದವನ್ನು ನೋಡಿದ.

"ಹೊಗಿ... ನೀವ ಮೂಸಿ ನೋಡಿದ್ರೇನು?"

ತೊದಲಿತ್ತು, ಆದರೆ ತಿಳಿಯುತ್ತಿತ್ತು. ಡಾಕ್ಟರು ನಕ್ಕರು. ತಾವು ಮೂಸುವುದಿಲ್ಲ, ಎಲ್ಲ ಮಷೀನೇ ನೋಡುತ್ತದೆ ಎಂದರು.

ಕಾಕಾ ಬೆರಳನ್ನು ಕಾಗದದ ಕಡೆ ಚಾಚಿದ.

"ಮತ್ತ... ಸಹಿ ಯಾಕ ನೀವ ಮಾಡೀರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಅವರಿಗೆ ಕೈಮುಗಿದಳು.

"ಮಾತು ಪೂರಾ ಉಳದೈತ್ರಿ, ಸಾಹೇಬ್ರ."