ಪಾಪ್ಲಿನ್ ಅಂತಲೇ ಬರೆಯಿರಿ

ವರ್ಷಕ್ಕೊಬ್ಬರಾದರೂ ನನ್ನ ಹೆಸರನ್ನು ತಿದ್ದಲು ಬಂದೇ ಬರುತ್ತಾರೆ. ಕೆಲವರು ಪ್ರೀತಿಯಿಂದ, ಕೆಲವರು ಕನಿಕರದಿಂದ, ಇನ್ನು ಕೆಲವರು ಸುಮ್ಮನೆ ಹೊತ್ತು ಹೋಗದೆ. ನಾನು ಜಗಳಗಂಟಿಯಲ್ಲ. ನಾಲ್ಕು ಜನ ಇದ್ದ ಕಡೆ ನನ್ನ ದನಿ ಗಂಟಲಲ್ಲೇ ಕೂತುಬಿಡುತ್ತದೆ. ಇಳಿಯಬೇಕು ಅಂತ ಕಂಡಕ್ಟರಿಗೆ ಹೇಳಲಾರದೆ ಎರಡು ಸ್ಟಾಪು ಮುಂದೆ ಹೋಗಿ, ಬಿಸಿಲಲ್ಲಿ ವಾಪಸು ನಡೆದು ಬಂದವಳು ನಾನು. ಆದರೆ ಹೆಸರಿನ ವಿಷಯದಲ್ಲಿ ಮಾತ್ರ ಇವತ್ತಿನವರೆಗೆ ಯಾರಿಗೂ ಸೋತಿಲ್ಲ.

ನನ್ನ ಹೆಸರು ಪಾಪ್ಲಿನ್. ಹೌದು, ಅದೇ ಬಟ್ಟೆ.

೧. ಯಮ ಮುಟ್ಟದ ಬಟ್ಟೆ

ನನಗಿಂತ ಮುಂಚೆ ಹುಟ್ಟಿದ ಇಬ್ಬರು ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟರು. ಮೂರನೆಯವಳಾಗಿ ನಾನು ಬಂದಾಗ ಅಜ್ಜಿ ತೀರ್ಮಾನ ಮಾಡಿಬಿಟ್ಟಳು: ಈ ಸಲ ದೇವರ ಹೆಸರೂ ಬೇಡ, ಚೆಂದದ ಹೆಸರೂ ಬೇಡ. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಆಮೇಲೆ ಪಕ್ಕದ ಮನೆಯವಳ ಕೈಗೆ ಕೊಟ್ಟು, ಒಂದು ಮೊರ ತೌಡು ಕೊಟ್ಟು ಬಿಡಿಸಿಕೊಂಡು ಬರುತ್ತಾರೆ. ಹೆಸರೂ ಹಾಗೇ: ಕಸ ಅನ್ನುವ ಅರ್ಥದಲ್ಲಿ ಕುಪ್ಪಮ್ಮ, ಇಲ್ಲವೇ ತೌಡಮ್ಮ. ಇಂಥದ್ದನ್ನು ಯಾರು ಹೊತ್ತುಕೊಂಡು ಹೋಗ್ತಾರೆ ಅಂತ ಯಮ ಮೂಗು ಮುರಿದು ಮುಂದಕ್ಕೆ ನಡೆಯಬೇಕು.

ತಿಪ್ಪೆಯೂ ಆಯಿತು, ತೌಡೂ ಆಯಿತು. ಹೆಸರಿನ ಹತ್ತಿರ ಅಮ್ಮ ಅಡ್ಡ ನಿಂತಳು.

"ಎಂಟನೇ ಕ್ಲಾಸು ಓದಿದೋಳು ನಾನು. ಹೆತ್ತ ಮಗಳನ್ನ ಕಸ ಅಂತ ಕೂಗಕ್ಕಾಗಲ್ಲ ಅತ್ತೆ."

"ನೀನು ಕೂಗಬೇಡ, ನನ್ ಕಣ್ಣು. ಯಮ ಬಂದು ಕೂಗ್ತಾನೆ, ಆಗ ಬಾಗಿಲು ತೆಗಿ."

ಅಪ್ಪ ತಮಿಳು ಸೀಮೆಯ ಸೋಮನೂರಿನಲ್ಲಿ ಪವರ್‌ಲೂಮ್ ಇಟ್ಟವನು. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ಮನೆಯಲ್ಲೂ ಕಿರುಚಿಯೇ ಮಾತಾಡುವವನು. ಅತ್ತೆ ಸೊಸೆ ಇಬ್ಬರಿಗೂ ಕೇಳುವಂತೆ ಕಿರುಚಿದ: "ಪಾಪ್ಲಿನ್ ಅಂತ ಇಡೋಣ!" ಆ ವಾರ ಮಗ್ಗದ ಮೇಲೆ ಇದ್ದದ್ದು ಅದೇ.

"ಒಸ್ತಿ ಬಟ್ಟೆಯೇನೋ ಅದು, ಭಾರೀ ಬೆಲೇದಾ?" ಅಂತ ಅಜ್ಜಿ.

"ಇಲ್ಲವ್ವಾ. ಹೆಂಗಸರು ಸೀರೆ ಒಳಗೆ ಕಟ್ಟೋ ಪಾವಾಡೆ ಹೊಲಿಸ್ತಾರೆ."

"ಯಾರ ಕಣ್ಣಿಗೂ ಬೀಳಲ್ಲ ಅನ್ನು."

"ಬೀಳಬಾರದು."

"ಹಂಗಾದ್ರೆ ಅದೇ ಇಡು."

ನಾನು ಉಳಿದೆ. ಆ ಹೆಸರು ತೆಗೆದರೆ ಮೊಮ್ಮಗಳೂ ಹೋಗುತ್ತಾಳೆ ಅಂತ ಅಜ್ಜಿ ಈಗಲೂ ನಂಬಿದ್ದಾಳೆ. ಇಂಗ್ಲಿಷ್ ಮೀಡಿಯಂ ಓದಿದ ನಾನು ನಂಬುವುದಿಲ್ಲ. ಆದರೆ ಆ ಇಬ್ಬರಿಗೆ ಇಟ್ಟಿದ್ದ ಚೆಂದದ ಹೆಸರುಗಳನ್ನು ಅಮ್ಮ ಒಂದು ಸಲವೂ ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ನನ್ನದನ್ನು ದಿನಕ್ಕೆ ನೂರು ಸಲ ಕೂಗುತ್ತಾಳೆ. ಬದಲಾಯಿಸದಿರಲು ನನಗೆ ಅಷ್ಟು ಕಾರಣ ಸಾಕು.

೨. ಸಿಸ್ಟರ್ ಅವರ ಉದಾರ ಮನಸ್ಸು

ಕಾನ್ವೆಂಟಿಗೆ ಸೇರಿಸುವ ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅರ್ಜಿ ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹೆಸರು ಹಾಗೇ ಇತ್ತು.

"ಇದು ಬಟ್ಟೆ. ಹೆಸರಲ್ಲ," ಅಂದರು ತಮಿಳಿನಲ್ಲಿ. "ರಿಜಿಸ್ಟರಿನಲ್ಲಿ ಪುಷ್ಪಲತಾ ಅಂತ ಬರೀತೀನಿ. ಮಗು ದೊಡ್ಡವಳಾದ ಮೇಲೆ ನನ್ನ ನೆನೀತಾಳೆ."

ಅಪ್ಪ ಕೈಕಟ್ಟಿ ನಿಂತಿದ್ದ. ಆ ಕೋಣೆಯಲ್ಲಿ ಮೆಲ್ಲಗೆ ಮಾತಾಡಬೇಕು ಅಂತ ಅಮ್ಮ ಮೂರು ದಿನ ಹೇಳಿಕೊಟ್ಟಿದ್ದಳು. ಅಷ್ಟರಲ್ಲಿ ಬೆಲ್ ಹೊಡೆದು, ಬಿಳಿ ಬ್ಲೌಸಿನ ಹುಡುಗಿಯರ ಸಾಲು ಕಿಟಕಿಯಾಚೆ ಹೋಗತೊಡಗಿತು. ಅಪ್ಪನ ಕಣ್ಣು ಆ ಕಡೆ ಹೊರಳಿತು. ನೇಯುವವನ ಕಣ್ಣು, ಮಾರು ದೂರದಿಂದಲೇ ನೂಲು ಎಣಿಸುತ್ತದೆ. ಅಮ್ಮನ ಪಾಠವೆಲ್ಲ ಮರೆತುಹೋಯಿತು.

"ಸಿಸ್ಟರ್, ನಿಮ್ಮ ಯೂನಿಫಾರಂ ಏನು ಬಟ್ಟೆ ಗೊತ್ತಾ? ಪಾಪ್ಲಿನ್! ಇಡೀ ಸ್ಕೂಲು ಮೈಮೇಲೆ ಹಾಕ್ಕೋಬಹುದು, ನನ್ನ ಮಗಳೊಬ್ಬಳು ಹೆಸರಿಗೆ ಇಟ್ಕೋಬಾರದಾ?"

ಸಾಲು ನಿಂತಿತು. ಮುನ್ನೂರು ಹುಡುಗಿಯರು ತಗ್ಗಿ ತಮ್ಮ ತಮ್ಮ ಬ್ಲೌಸು ನೋಡಿಕೊಂಡರು. ಸಿಸ್ಟರ್ ಪೆನ್ನು ತೆಗೆದು ಪಾಪ್ಲಿನ್ ಅಂತ ಬರೆದರು. ನಾನು ಮೇಜಿನ ಕೆಳಗೆ ಸೇರಿಕೊಂಡಿದ್ದೆ.

೩. ಬೀದಿ ತುಂಬ ಜವಳಿ

ನಾನು ಬದುಕಿದ್ದಷ್ಟೇ ಅಲ್ಲ, ಮೈಕೈ ತುಂಬಿಕೊಂಡು ಬೆಳೆದೆ. ಅದನ್ನು ಕಂಡು ಬೀದಿಯ ಹೆಂಗಸರು ಸುಮ್ಮನಿರುತ್ತಾರಾ? ನಾನು ಪ್ಲಸ್ ಟು ಓದುವ ಹೊತ್ತಿಗೆ ನಮ್ಮ ಬೀದಿಯೊಂದರಲ್ಲೇ ಇನ್ನೂ ಮೂರು ಪಾಪ್ಲಿನ್‌ಗಳಿದ್ದವು: ಕೊನೇ ಮನೆ ಪಾಪ್ಲಿನ್, ಬಾವಿಕಟ್ಟೆ ಪಾಪ್ಲಿನ್, ಅಳುಬುರುಕಿ ಪಾಪ್ಲಿನ್. ನಾನು ದೊಡ್ಡ ಪಾಪ್ಲಿನ್ ಆದೆ.

ಮಗ್ಗ ಜಾಸ್ತಿ ಇದ್ದ ಮೂಲೆಮನೆಯವರಿಗೆ ಮಾತ್ರ ಪಾವಾಡೆ ಬಟ್ಟೆ ಸಾಲಲಿಲ್ಲ. ಅವರು ಮಗಳಿಗೆ ಆರ್ಗಂಡಿ ಅಂತ ಇಟ್ಟರು. ಹಾಲಿನ ಕೆನೆಯಂಥ, ಗರಿಗರಿ ಬಟ್ಟೆ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ಎಲೆಯಡಿಕೆ ತಟ್ಟೆಯ ಮುಂದೆ ಕೂತು ಎಲ್ಲರಿಗೂ ಕೇಳುವಂತೆ ಅಂದಳು:

"ಪಾಪ್ಲಿನ್ ಕಂಡ್ರೆ ಯಮ ಬಿಟ್ಟು ಹೋಗ್ತಾನೆ, ಸರಿ. ಆರ್ಗಂಡಿ ಕಂಡ್ರೆ ಹೆಂಡ್ತಿಗೆ ಅಂತ ತಗೊಂಡು ಹೋಗಲ್ವೇನೇ?"

ಮೂಲೆಮನೆಯಾಕೆ ಕೂಸನ್ನು ಎದೆಗೆ ಅವಚಿಕೊಂಡಳು. ಸಂಜೆಯೊಳಗೆ ಆ ಮಗುವಿನ ಹೆಸರು ಕಾಡಾ. ಮಗ್ಗದಿಂದ ಇಳಿಸಿ ಇನ್ನೂ ಬಿಳುಪು ಮಾಡದ, ಗೋಣಿಯಂಥ ಒರಟು ಬಟ್ಟೆ.

ಆ ವರ್ಷವೇ ಮಕ್ಕಳಿಗೆ ಸೂಜಿ ಹಾಕಲು ಹೊಸ ನರ್ಸಮ್ಮ ಬಂದರು. ಬೀದಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರೆಯುವವಳು ನಾನೇ ಅಂತ ಪಟ್ಟಿ ನನ್ನ ಕೈಲಿ ಬರೆಸಿದ್ದರು. ನರ್ಸಮ್ಮ ಕೂಗಿದರು: "ಪಾಪ್ಲಿನ್. ಪಾಪ್ಲಿನ್. ಮತ್ತೆ ಪಾಪ್ಲಿನ್. ಕಾಡಾ..." ಪಟ್ಟಿ ಮಡಿಸಿ ನನ್ನನ್ನೇ ನೋಡಿದರು. "ಏನಮ್ಮಾ, ನಾನು ಸೂಜಿ ತಂದಿದೀನಿ, ಕತ್ತರಿ ತರಬೇಕಿತ್ತಾ?"

೪. ಬ್ಯಾಂಕಿನಾಕೆಯ ಸ್ಲೇಟು

ನಾವು ಮನೆಯಲ್ಲಿ ಆಡುವುದು ಕನ್ನಡ. ಆದರೆ ಓದಲು ನಮ್ಮಲ್ಲಿ ಯಾರಿಗೂ ಬಾರದು. ನನಗೆ ಅಕ್ಷರ ಕಲಿಸಿದವರು ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರರ ಹೆಂಡತಿ. ಅಚ್ಚ ಕನ್ನಡ ಅವರದು. ನಮ್ಮ ಮಾತು ಕೇಳಿದರೆ ಅವರಿಗೆ ತಲೆನೋವು ಬರುತ್ತಿತ್ತು, ಆದರೂ ಪಾಪ ಕಾಫಿ ಕೊಡುತ್ತಿದ್ದರು.

"ಮೊದಲು ನಿನ್ನ ಹೆಸರು ಬರಿ," ಅಂದರು. ಕೂಡಲೇ ಅವರಿಗೇ ಕಸಿವಿಸಿಯಾಯಿತು. "ಅಥವಾ ಪದ್ಮಿನಿ ಅಂತ ಬರಿಯಮ್ಮ. ಕನ್ನಡದಲ್ಲಿ ಪಾಪ್ಲಿನ್ ಅನ್ನೋ ಹೆಸರೇ ಇಲ್ಲ."

ನಾನು ಬಳಪ ತಗೊಂಡೆ. ನಾಲಿಗೆ ಕಚ್ಚಿಕೊಂಡು, ಒತ್ತು ಎಲ್ಲಿ ಬರುತ್ತದೆ ಅಂತ ಎರಡು ಸಲ ಅಳಿಸಿ, ಸ್ಲೇಟು ತುಂಬ ಬರೆದು ತೋರಿಸಿದೆ.

"ಈಗ ಇದೆ ಆಂಟಿ," ಅಂದೆ.

೫. ರೇಷ್ಮೆ ಸೀರೆ

ಮದುವೆಯ ಮಾತು ಶುರುವಾದ ಮೇಲೆ ಎಲ್ಲರ ಧೈರ್ಯವೂ ಕರಗಿತು. ಮೊದಲು ಬಂದ ಎರಡು ಸಂಬಂಧಗಳು ಹೆಸರು ಕೇಳಿಯೇ ಹಿಂದೆ ಹೋದವು. ಮೂರನೆಯದು ತಿರುಪ್ಪೂರಿನ ಬನಿಯನ್ ಕಂಪನಿಯವರ ಮನೆ. ಹುಡುಗ ನನ್ನ ಹಾಗೇ ಬಾಯಿಲ್ಲದವನು. ಕೇಸರಿಬಾತಿನ ತಟ್ಟೆಯೊಡನೆ ಮಾತಾಡುವವನಂತೆ ತಲೆ ತಗ್ಗಿಸಿ ಕೂತಿದ್ದ. ನನಗೆ ಹಿಡಿಸಿದ.

ಅವನ ತಾಯಿ ಕೈಯಗಲ ಜರಿಯ ಕಾಂಚೀಪುರಂ ಸೀರೆಯಲ್ಲಿ ನಡುಮನೆ ತುಂಬಿದ್ದರು. ಮರ್ಯಾದೆಗೆ ಮಾತಿನ ಕೊನೆಯಲ್ಲಿ ತಮಿಳರ ಹಾಗೆ 'ಈಂಗ' ಸೇರಿಸುವವರು.

"ಹುಡುಗಿ ಲಕ್ಷಣವಾಗಿದಾಳೆ," ಅಂದರು. "ಹೆಸರೊಂದು ಮಾತ್ರ ಆಗಲ್ಲೀಂಗ. ಲಗ್ನಪತ್ರಿಕೇಲಿ ಪಾವಾಡೆ ಬಟ್ಟೆ ಹೆಸರು ಅಚ್ಚು ಹಾಕ್ಸಿದ್ರೆ ನಾಳೆ ನಮ್ಮ ಜನ ಏನಂತಾರೆ? ಪದ್ಮಾವತಿ ಅಂತ ಮಾಡಿಬಿಡೋಣ."

ನಾನು ಅಪ್ಪನ ಕಡೆ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಅಪ್ಪ ಮೆಲ್ಲಗೆ ಮಾತಾಡಿದ. "ಹಂಗೇ... ನೋಡೋಣ..." ಅಮ್ಮ ನೆಲ ನೋಡಿದಳು. ಬಾಗಿಲ ಸಂದಿಯಿಂದ ಅಜ್ಜಿಯ ಕೈ ಬಂದು ನನ್ನ ಸೆರಗು ಹಿಡಿದುಕೊಂಡಿತು.

ಸಂಬಂಧ ಹೋಗುತ್ತದೆ ಅಂತ ನನಗೂ ಗೊತ್ತಿತ್ತು. ಆದರೂ ಗಂಟಲಲ್ಲಿ ಕೂತಿದ್ದ ದನಿ ತಾನಾಗಿ ಎದ್ದು ಬಂತು.

"ಅತ್ತೆ, ನೀವು ಉಟ್ಟಿರೋ ಸೀರೆ ನಿಮ್ಮ ಮೈಮೇಲೆ ಹೇಗೆ ನಿಂತಿದೆ?"

"ಅಂದ್ರೆ?"

"ನೆರಿಗೆ ಸಿಕ್ಕಿಸಿರೋದು ಯಾವುದಕ್ಕೆ? ಕಾಂಚೀಪುರಂನ ಬೇಕಾದ್ರೆ ಬಿಡಬಹುದು, ಯಾವ ಸೀರೆ ಉಟ್ರೂ ನಡಿಯುತ್ತೆ. ಪಾಪ್ಲಿನ್ ಬಿಟ್ಟು ನೋಡಿ."

ಎಲ್ಲರ ಕಣ್ಣೂ ಒಟ್ಟಿಗೆ ಆಕೆಯ ಕಡೆ ತಿರುಗಿದವು. ಆಕೆಯ ಎಡಗೈ ತಾನಾಗಿ ಸೊಂಟಕ್ಕೆ ಹೋಗಿ, ಗಂಟು ಸರಿಯಾಗಿದೆಯೇ ಅಂತ ನೋಡಿಕೊಂಡಿತು. ತಲೆ ತಗ್ಗಿಸಿದ್ದ ಹುಡುಗನ ಮೂಗಿನಿಂದ ಕಾಫಿ ಬಂತು.

ಹುಡುಗನ ತಂದೆ ನಗು ಅದುಮಿಕೊಂಡು ಕೇಳಿದರು, "ಏನು ಮಾಡೋಣ? ಎದ್ದು ಹೋಗೋಣವಾ?"

"ಸುಮ್ಮನಿರೀಂಗ!" ಆಕೆ ಸೀರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಗದರಿದರು. "ಇಷ್ಟು ಜನ ನೋಡ್ತಾ ಇರುವಾಗ ನಾನು ಹೆಂಗೆ ಏಳಲಿ? ಪಾಪ್ಲಿನ್ ಅಂತಲೇ ಅಚ್ಚು ಹಾಕ್ಸಿ!"